ಅಪಘಾತದಲ್ಲಿ ಮನೆಯವರು ತೀರಿಕೊಂಡರೆ ಪರಿಹಾರದ ಕೇಸ್ ಯಾರು ಹಾಕಬಹುದು?

ನಮ್ಮ ಬೀದಿಯ ಒಂದು ಮನೆಯ ಕಥೆ ಇದು. ಗಾರೆ ಕೆಲಸಕ್ಕೆ ಹೋಗುತ್ತಿದ್ದ ಮಗ ಸಂಜೆ ಬೈಕ್‌ನಲ್ಲಿ ಮನೆಗೆ ಬರುವಾಗ ಲಾರಿ ಗುದ್ದಿ ತೀರಿಕೊಂಡ. ಹನ್ನೊಂದನೇ ದಿನದ ಕಾರ್ಯ ಮುಗಿಯುವ ಹೊತ್ತಿಗೆ ಯಾರೋ ಒಬ್ಬರು ಬಂದರು. ಸೊಸೆಯ ಹತ್ತಿರ ನಾಲ್ಕು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಕೇಸ್ ದಾಖಲಾಯಿತು. ಅದರಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳ ಹೆಸರಿತ್ತು. ಮಗನ ದುಡಿಮೆಯಲ್ಲೇ ಊಟ, ಔಷಧಿ ನಡೆಯುತ್ತಿದ್ದ ತಾಯಿಯ ಹೆಸರಿರಲಿಲ್ಲ. "ನಿಮಗೆ ಬರಲ್ಲ ಅಜ್ಜಿ, ಹೆಂಡ್ತಿ ಮಕ್ಕಳಿಗೆ ಮಾತ್ರ" ಅಂದಿದ್ದರಂತೆ.

ಆ ಮಾತು ತಪ್ಪು. ಅದರಿಂದ ಅಜ್ಜಿಗೆ ಮಾತ್ರ ಅಲ್ಲ, ಇಡೀ ಮನೆಗೆ ನಷ್ಟವಾಯಿತು. ಎಷ್ಟು ನಷ್ಟ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ದುಃಖದಲ್ಲಿ ಇರುವಾಗ ಕಾನೂನು ಓದಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಒಬ್ಬರಾದರೂ, ಅಣ್ಣನೋ, ಭಾವನೋ, ಪಕ್ಕದ ಮನೆಯವರೋ ಇದನ್ನು ಓದಿ ಆ ಮನೆಯವರಿಗೆ ಹೇಳಲಿ ಅಂತ ಬರೆಯುತ್ತಿದ್ದೇನೆ.

ಮೊದಲು: ಯಾವ ಕಾನೂನು ಅಂತ ಗೊತ್ತುಮಾಡಿಕೊಳ್ಳಿ

ಕೇಸ್ ಯಾರು ಹಾಕಬಹುದು ಅನ್ನೋದಕ್ಕೆ ನಮ್ಮ ದೇಶದಲ್ಲಿ ಒಂದೇ ಉತ್ತರ ಇಲ್ಲ. ಸಾವು ಹೇಗಾಯಿತು ಅನ್ನುವುದರ ಮೇಲೆ ಕಾನೂನು ಬದಲಾಗುತ್ತದೆ. ಕಾನೂನು ಬದಲಾದರೆ ಹಕ್ಕುದಾರರ ಪಟ್ಟಿಯೂ ಬದಲಾಗುತ್ತದೆ. ರಸ್ತೆ ಅಪಘಾತಕ್ಕೆ 1988ರ ಮೋಟಾರು ವಾಹನ ಕಾಯ್ದೆ. ರೈಲಿನಿಂದ ಬಿದ್ದು ಸತ್ತರೆ 1989ರ ರೈಲ್ವೆ ಕಾಯ್ದೆ. ಕೆಲಸದ ಜಾಗದಲ್ಲಿ ಸತ್ತರೆ 2020ರ ಸಾಮಾಜಿಕ ಭದ್ರತಾ ಸಂಹಿತೆ. 2025ರ ನವೆಂಬರ್‌ವರೆಗೆ ಇದಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಗಿದ್ದರೆ ಗ್ರಾಹಕ ಆಯೋಗ. ಕರೆಂಟ್ ತಂತಿ ತಗುಲಿ, ಗೋಡೆ ಬಿದ್ದು, ಮುಚ್ಚದ ಗುಂಡಿಗೆ ಬಿದ್ದು ಸತ್ತರೆ ಇಂದಿಗೂ ಬ್ರಿಟಿಷರ ಕಾಲದ 1855ರ ಮಾರಕ ಅಪಘಾತ ಕಾಯ್ದೆಯಡಿ ಸಿವಿಲ್ ಕೋರ್ಟ್‌ಗೆ ಹೋಗಬಹುದು.

ನಮ್ಮಲ್ಲಿ ಜಾಸ್ತಿ ಮನೆಗಳಿಗೆ ಬರುವುದು ರಸ್ತೆ ಅಪಘಾತದ ಕೇಸ್. ಕೋರ್ಟಿನ ಆವರಣದಲ್ಲಿ ಇದಕ್ಕೆ 'ಎಂವಿಸಿ' ಅಂತಾರೆ. ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇನೆ, ಉಳಿದವನ್ನು ಕೊನೆಯಲ್ಲಿ ಚಿಕ್ಕದಾಗಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಾಲಕನ ಮೇಲೆ ಪೊಲೀಸರು ಹಾಕುವ ಕ್ರಿಮಿನಲ್ ಕೇಸ್ ಬೇರೆ, ಪರಿಹಾರದ ಕೇಸ್ ಬೇರೆ. ಪೊಲೀಸ್ ಕೇಸ್ ನಡೀತಾ ಇದೆಯಲ್ಲ, ದುಡ್ಡು ಅದರಲ್ಲೇ ಬರುತ್ತದೆ ಅಂತ ಕಾಯುವವರು ಈಗಲೂ ಇದ್ದಾರೆ. ಬರುವುದಿಲ್ಲ. ಪರಿಹಾರಕ್ಕೆ ಮನೆಯವರೇ ನ್ಯಾಯಮಂಡಳಿಯಲ್ಲಿ, ಅಂದರೆ ಅಪಘಾತ ಪರಿಹಾರದ ಕೇಸ್‌ಗಳನ್ನು ನೋಡುವ ಕೋರ್ಟ್‌ನಲ್ಲಿ, ಕೇಳಬೇಕು. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಖುಲಾಸೆಯಾದರೂ ಪರಿಹಾರದ ಕೇಸ್ ತಾನಾಗಿ ಬಿದ್ದುಹೋಗುವುದಿಲ್ಲ. ಎರಡು ಕಡೆ ಬೇಕಾದ ಸಾಕ್ಷಿಯ ತೂಕವೇ ಬೇರೆ.

ರಸ್ತೆ ಅಪಘಾತ: ಯಾರೆಲ್ಲ ಹಕ್ಕುದಾರರು

ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ತೀರಿಕೊಂಡವರ 'ಕಾನೂನು ಪ್ರತಿನಿಧಿಗಳು' ಎಲ್ಲರೂ ಸೇರಿ ಅಥವಾ ಅವರಲ್ಲಿ ಯಾರಾದರೂ ಅರ್ಜಿ ಹಾಕಬಹುದು. ಪದವನ್ನು ಗಮನಿಸಿ. ಕಾಯ್ದೆ 'ಹೆಂಡತಿ ಮಕ್ಕಳು' ಅಂತ ಹೇಳಿಲ್ಲ, 'ಅವಲಂಬಿತರು' ಅಂತಲೂ ಹೇಳಿಲ್ಲ. ತೀರಿಕೊಂಡವರ ಆಸ್ತಿಯ ಪರವಾಗಿ ನಿಲ್ಲಬಲ್ಲವರು ಅಂತ ಅದರ ಅರ್ಥ. ಕೋರ್ಟ್‌ಗಳು ಇದನ್ನು ವಿಶಾಲವಾಗಿಯೇ ನೋಡುತ್ತಾ ಬಂದಿವೆ.

ಹೆಂಡತಿ ಅಥವಾ ಗಂಡ, ಮಕ್ಕಳು, ತಾಯಿ, ತಂದೆ. ಇವರ ಬಗ್ಗೆ ಗೊಂದಲ ಬೇಡ. ಅಪಘಾತದ ದಿನ ಹೊಟ್ಟೆಯಲ್ಲಿದ್ದ ಮಗುವಿಗೂ ಹಕ್ಕಿದೆ. ದತ್ತು ಮಗುವಿಗೂ ಇದೆ. ಗಂಡ ತೀರಿಕೊಂಡ ಮೇಲೆ ಹೆಂಡತಿ ಮತ್ತೆ ಮದುವೆಯಾದರೆ ಪರಿಹಾರ ಹೋಯಿತು ಅಂತ ಅತ್ತೆ ಮನೆಯವರು ಹೆದರಿಸುವುದುಂಟು. ಹಾಗೇನಿಲ್ಲ. ಮರುಮದುವೆ ಆದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಅಂತ ಹೈಕೋರ್ಟ್‌ಗಳು ಹೇಳಿವೆ. ಎರಡನೇ ಮದುವೆ ಕಾನೂನಿನಲ್ಲಿ ನಿಲ್ಲದಿದ್ದರೂ ಆ ಮದುವೆಯಲ್ಲಿ ಹುಟ್ಟಿದ ಮಕ್ಕಳ ಹಕ್ಕು ನಿಲ್ಲುತ್ತದೆ.

ಮದುವೆಯಾದ ಹೆಣ್ಣುಮಕ್ಕಳು? ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಜಾಸ್ತಿ ಬಿಟ್ಟುಹೋಗುವುದು ಇವರೇ. "ಕೊಟ್ಟ ಮನೆಗೆ ಹೋದವಳು, ಅವಳಿಗೇನು" ಅನ್ನೋ ಮಾತು ನಮ್ಮ ಊರುಗಳಲ್ಲಿ ಸುಲಭವಾಗಿ ಬಂದುಬಿಡುತ್ತದೆ. 2007ರಲ್ಲೇ ಸುಪ್ರೀಂ ಕೋರ್ಟ್ ಮದುವೆಯಾದ, ತಂದೆಯ ಮೇಲೆ ಅವಲಂಬಿತಳಲ್ಲದ ಮಗಳೂ ಕಾನೂನು ಪ್ರತಿನಿಧಿಯಾಗಿ ಅರ್ಜಿ ಹಾಕಬಹುದು ಎಂದಿತು. 2020ರಲ್ಲಿ, ಮದುವೆಯಾಗಿ ದುಡಿಯುತ್ತಿರುವ ಗಂಡುಮಕ್ಕಳಿಗೂ ಇದೇ ಮಾತು ಹೇಳಿತು. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇನ್ನೂ ನೇರವಾಗಿ ಹೇಳಿತು. ಮದುವೆಯಾದ ಮಗ, ಮದುವೆಯಾದ ಮಗಳು ಅಂತ ಭೇದ ಮಾಡುವಂತಿಲ್ಲ.

ಅಣ್ಣ, ತಮ್ಮ, ತಂಗಿ ಕೂಡ ಹಾಕಬಹುದು. 1987ರಲ್ಲಿ ಗುಜರಾತಿನ ಸಾರಿಗೆ ಬಸ್ಸಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಣ್ಣತಮ್ಮಂದಿರ ಹಕ್ಕನ್ನು ಒಪ್ಪಿತು. ನಮ್ಮ ದೇಶದ ಮನೆಗಳಲ್ಲಿ ಅಣ್ಣ ತಮ್ಮಂದಿರು, ಅವರ ಮಕ್ಕಳು ಒಟ್ಟಿಗೆ ಬದುಕುತ್ತಾರೆ, ಒಬ್ಬ ದುಡಿದರೆ ಎಲ್ಲರೂ ಉಣ್ಣುತ್ತಾರೆ ಅನ್ನುವುದೇ ಅದರ ಹಿಂದಿನ ಆಲೋಚನೆ. 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಳಿಯನ ಮನೆಯಲ್ಲಿ ಅವನ ಆಸರೆಯಲ್ಲೇ ಇದ್ದ ಅತ್ತೆಯನ್ನೂ ಕಾನೂನು ಪ್ರತಿನಿಧಿ ಎಂದು ಒಪ್ಪಿತು. ಮಗಳ ಮನೆಯಲ್ಲಿರುವ ಎಷ್ಟೋ ತಾಯಂದಿರಿಗೆ ಈ ತೀರ್ಪು ಗೊತ್ತಿಲ್ಲ.

ಆದರೆ ಅರ್ಜಿ ಹಾಕುವ ಹಕ್ಕು ಒಂದು, ಕೈಗೆ ಬರುವ ಮೊತ್ತ ಇನ್ನೊಂದು. ಹಕ್ಕು ಎಲ್ಲ ಕಾನೂನು ಪ್ರತಿನಿಧಿಗಳಿಗೂ ಇರುತ್ತದೆ. ಮೊತ್ತ ಮುಖ್ಯವಾಗಿ ತೀರಿಕೊಂಡವರ ದುಡಿಮೆಯನ್ನು ಯಾರು ನಂಬಿಕೊಂಡಿದ್ದರು ಅನ್ನುವುದರ ಮೇಲೆ ನಿಂತಿದೆ. ಸಂಬಳ ಬರುವ ಮಗನಿಗಿಂತ ಮನೆಯಲ್ಲಿರುವ ವಿಧವೆ ಹೆಂಡತಿಗೆ ಜಾಸ್ತಿ ಪಾಲು ಬರುವುದು ಸಹಜ, ನ್ಯಾಯವೂ ಹೌದು. ಯಾರಿಗೆ ಎಷ್ಟು ಅಂತ ನ್ಯಾಯಮಂಡಳಿಯೇ ಆದೇಶದಲ್ಲಿ ಬರೆಯುತ್ತದೆ.

ಎರಡನೆಯದು: ಯಾರನ್ನೂ ಬಿಡಬೇಡಿ

ಮನೆಯಲ್ಲಿ ಜಗಳ ಇರಬಹುದು. ಸೊಸೆ ಒಂದು ಕಡೆ, ಅತ್ತೆ ಮಾವ ಇನ್ನೊಂದು ಕಡೆ. ಆಗ ಇಬ್ಬರೂ ಬೇರೆ ಬೇರೆ ವಕೀಲರನ್ನು ಹಿಡಿದು ಬೇರೆ ಬೇರೆ ಊರಿನಲ್ಲಿ ಕೇಸ್ ಹಾಕುತ್ತಾರೆ. ಎರಡೂ ಕೇಸ್ ಒಂದು ಕಡೆ ಸೇರಿಸಲು ವರ್ಷ ಕಳೆಯುತ್ತದೆ. ಕಾನೂನಿನಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಒಬ್ಬರು ಹಾಕಿದರೂ ಆ ಅರ್ಜಿ ಎಲ್ಲರ ಪರವಾಗಿಯೇ ಇರಬೇಕು. ಜೊತೆಗೆ ಸಹಿ ಹಾಕಲು ಒಪ್ಪದವರನ್ನು ಪ್ರತಿವಾದಿಗಳಾಗಿ ಸೇರಿಸಬೇಕು. ಹಾಗೆ ಸೇರಿಸಿದರೆ ಅವರ ಪಾಲೂ ಉಳಿಯುತ್ತದೆ, ಕೇಸೂ ಒಂದೇ ಆಗುತ್ತದೆ.

ಚಿಕ್ಕ ಮಕ್ಕಳ ಪರವಾಗಿ ತಾಯಿ ಅಥವಾ ಪೋಷಕರು ಹಾಕುತ್ತಾರೆ. ಅಮೆರಿಕದಲ್ಲೋ ಗಲ್ಫ್‌ನಲ್ಲೋ ಇರುವ ಮಗ, ಮಗಳು ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಿ, ಊರಲ್ಲಿರುವವರ ಕೈಯಲ್ಲಿ ಕೇಸ್ ನಡೆಸಬಹುದು.

ಈಗ ಮೊದಲು ಹೇಳಿದ ಅಜ್ಜಿಯ ವಿಷಯಕ್ಕೆ ಬರೋಣ. ಸುಪ್ರೀಂ ಕೋರ್ಟ್‌ನ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಠಿ ತೀರ್ಪು, ಇವೆರಡರ ಸೂತ್ರದ ಮೇಲೆ ಇಂದು ದೇಶದ ಎಲ್ಲ ನ್ಯಾಯಮಂಡಳಿಗಳೂ ಲೆಕ್ಕ ಹಾಕುತ್ತವೆ. ತೀರಿಕೊಂಡವನಿಗೆ 38 ವರ್ಷ, ತಿಂಗಳಿಗೆ 15,000 ರೂಪಾಯಿ ದುಡಿಮೆ ಅಂತ ಇಟ್ಟುಕೊಳ್ಳಿ. ಸ್ವಂತ ಕೆಲಸ, 40 ವರ್ಷದೊಳಗೆ. ಹಾಗಾಗಿ ಮುಂದೆ ದುಡಿಮೆ ಹೆಚ್ಚುತ್ತಿತ್ತು ಅನ್ನುವ ಲೆಕ್ಕಕ್ಕೆ ಶೇ 40 ಸೇರಿಸುತ್ತಾರೆ. 21,000 ಆಯಿತು. ಇದರಲ್ಲಿ ಅವನ ಸ್ವಂತ ಖರ್ಚನ್ನು ಕಳೆಯಬೇಕು. ಎಷ್ಟು ಕಳೆಯುವುದು ಅನ್ನುವುದು ಅವನನ್ನು ನಂಬಿದವರ ಸಂಖ್ಯೆಯ ಮೇಲೆ. ಇಬ್ಬರು ಅಥವಾ ಮೂವರು ಇದ್ದರೆ ಮೂರನೇ ಒಂದು ಭಾಗ. ನಾಲ್ಕರಿಂದ ಆರು ಜನ ಇದ್ದರೆ ನಾಲ್ಕನೇ ಒಂದು ಭಾಗ. ಆರಕ್ಕಿಂತ ಜಾಸ್ತಿ ಇದ್ದರೆ ಐದನೇ ಒಂದು ಭಾಗ.

ಹೆಂಡತಿ, ಇಬ್ಬರು ಮಕ್ಕಳು ಮಾತ್ರ ಅಂದರೆ ಮೂವರು. 21,000ದಲ್ಲಿ 7,000 ಕಳೆದು 14,000 ಉಳಿಯುತ್ತದೆ. ವರ್ಷಕ್ಕೆ 1,68,000. 36ರಿಂದ 40 ವಯಸ್ಸಿಗೆ 15ರಿಂದ ಗುಣಿಸುತ್ತಾರೆ. 25,20,000.

ತಾಯಿಯನ್ನು ಸೇರಿಸಿದರೆ ನಾಲ್ವರು. ಕಳೆಯುವುದು 5,250 ಮಾತ್ರ. ಉಳಿಯುವುದು 15,750. ವರ್ಷಕ್ಕೆ 1,89,000. ಹದಿನೈದರಿಂದ ಗುಣಿಸಿದರೆ 28,35,000.

ಮೂರು ಲಕ್ಷ ಹದಿನೈದು ಸಾವಿರ ರೂಪಾಯಿ ವ್ಯತ್ಯಾಸ. ಒಂದು ಹೆಸರು ಬಿಟ್ಟಿದ್ದಕ್ಕೆ. ಇಷ್ಟೇ ಅಲ್ಲ. ಸಂಗಾತಿ, ಮಗು, ಹೆತ್ತವರು, ಇವರಲ್ಲಿ ಪ್ರತಿಯೊಬ್ಬರಿಗೂ ಪ್ರೀತಿ ಆಸರೆ ಕಳೆದುಕೊಂಡದ್ದಕ್ಕೆ ಬೇರೆಯಾಗಿ ಹಣ ಕೊಡುತ್ತಾರೆ. 2017ರಲ್ಲಿ ಇದು 40,000 ಇತ್ತು. ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಬೇಕು ಅಂತ ಆ ತೀರ್ಪಿನಲ್ಲೇ ಇದೆ. ಎರಡು ಸಲ ಏರಿ 48,400 ಆಗಿದೆ. ತಾಯಿಯ ಆ ಪಾಲೂ ಹೋಯಿತು. ತಾಯಿಯನ್ನು ಸೇರಿಸಿದ್ದರೆ ಸೊಸೆಯ ಪಾಲು ಕಡಿಮೆಯಾಗುತ್ತದೆ ಅಂತ ಹೆದರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ತಟ್ಟೆಗಳು ಹೆಚ್ಚಾದವು ಅಂತ ಕಾನೂನು ಅನ್ನವನ್ನೂ ಹೆಚ್ಚು ಮಾಡುತ್ತದೆ.

ಮದುವೆಯಾಗದ ಹುಡುಗ ತೀರಿಕೊಂಡರೆ ಸಾಮಾನ್ಯವಾಗಿ ಅರ್ಧ ಕಳೆಯುತ್ತಾರೆ. ಆದರೆ ವಿಧವೆ ತಾಯಿ, ಚಿಕ್ಕ ತಮ್ಮ ತಂಗಿಯರು ಎಲ್ಲ ಅವನನ್ನೇ ನಂಬಿದ್ದರು ಅಂತ ತೋರಿಸಿದರೆ ಮೂರನೇ ಒಂದು ಭಾಗ ಮಾತ್ರ ಕಳೆಯಲು ಅವಕಾಶ ಇದೆ. ಹಾಗಾಗಿ ಅವರನ್ನೂ ಸೇರಿಸಿ. ತೀರಿಕೊಂಡವರು ಗೃಹಿಣಿ ಆಗಿದ್ದರೆ "ಅವರಿಗೆ ಆದಾಯ ಇರಲಿಲ್ಲ" ಅಂತ ಬರೆಸಬೇಡಿ. ಮನೆಕೆಲಸಕ್ಕೂ ಬೆಲೆ ಕಟ್ಟಲೇಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಮೂರನೆಯದು: ಆರು ತಿಂಗಳು

ಊರಿನ ಹಿರಿಯರು "ಇದಕ್ಕೆಲ್ಲ ಟೈಮ್ ಲಿಮಿಟ್ ಇಲ್ಲ, ನಿಧಾನವಾಗಿ ಹಾಕಿ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಹಿಂದೆ ಹಾಗೇ ಇತ್ತು. 1994ರ ತಿದ್ದುಪಡಿಯಲ್ಲಿ ಗಡುವು ತೆಗೆದಿದ್ದರು. ಆದರೆ 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಪಘಾತ ಆದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಲೆಕ್ಕ ಅಪಘಾತದ ದಿನದಿಂದ, ಸಾವಿನ ದಿನದಿಂದ ಅಲ್ಲ. ಎರಡು ತಿಂಗಳು ಐಸಿಯುನಲ್ಲಿದ್ದು ತೀರಿಕೊಂಡರೆ ಉಳಿಯುವುದು ನಾಲ್ಕೇ ತಿಂಗಳು.

ಈ ಗಡುವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ತಡವಾದವರು ಧೈರ್ಯವಾಗಿ ಹೋಗಿ ವಕೀಲರನ್ನು ಕೇಳಿ. ಸಮಯ ಇರುವವರು ಮಾತ್ರ ಈ ಆದೇಶವನ್ನು ನಂಬಿ ಕೂರಬೇಡಿ. ಅದು ಕೊನೆಯ ತೀರ್ಪಲ್ಲ. ಬಡ್ಡಿಯೂ ಅರ್ಜಿ ಹಾಕಿದ ದಿನದಿಂದ ಮಾತ್ರ ಸಿಗುತ್ತದೆ.

ನಾಲ್ಕನೆಯದು: ಕಾಗದ ಪತ್ರ

ಪೊಲೀಸ್ ಠಾಣೆಯಿಂದ ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ನಕ್ಷೆ, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ ವರದಿ, ವಾಹನ ನಿರೀಕ್ಷಕರ ವರದಿ, ಆಮೇಲೆ ಚಾರ್ಜ್‌ಶೀಟ್. 2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, 90 ದಿನದೊಳಗೆ ಪೂರ್ಣ ವರದಿ ಕೊಡಬೇಕು. ಆ ವರದಿಯನ್ನೇ ಅರ್ಜಿ ಎಂದು ಪರಿಗಣಿಸಲೂ ಕಾನೂನಿನಲ್ಲಿ ಅವಕಾಶ ಇದೆ. ಆದರೂ ಅದನ್ನೇ ನಂಬಿ ಸುಮ್ನೆ ಕೂರಬೇಡಿ, ನಿಮ್ಮ ಅರ್ಜಿ ನೀವು ಹಾಕಿ.

ಸಂಬಂಧ ತೋರಿಸಲು ವಂಶವೃಕ್ಷ ಪ್ರಮಾಣಪತ್ರ, ರೇಷನ್ ಕಾರ್ಡ್, ಎಲ್ಲರ ಆಧಾರ್. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಬೇಗ ಅರ್ಜಿ ಕೊಡಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಡದಂತೆ ನೋಡಿಕೊಳ್ಳಿ. ಅಲ್ಲಿ ಬಿಟ್ಟ ಹೆಸರು ಕೋರ್ಟ್‌ನಲ್ಲಿ ಪ್ರಶ್ನೆಯಾಗಿ ಬರುತ್ತದೆ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದರೆ ಒಳ್ಳೆಯದು. 40 ಮತ್ತು 41ರ ನಡುವೆ ಗುಣಕ 15ರಿಂದ 14ಕ್ಕೆ ಇಳಿಯುತ್ತದೆ, ನೆನಪಿರಲಿ.

ಆದಾಯಕ್ಕೆ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್. ರೈತರಾಗಿದ್ದರೆ ಪಹಣಿ, ಮಂಡಿಯ ರಸೀದಿ, ಡೈರಿಯ ಹಾಲಿನ ಲೆಕ್ಕ. ಯಾವ ಕಾಗದವೂ ಇಲ್ಲದ ಕೂಲಿಯವರಿಗೆ ನ್ಯಾಯಮಂಡಳಿಯೇ ಒಂದು ಅಂದಾಜು ಆದಾಯ ಹಿಡಿಯುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನು ನೋಡುತ್ತಾರೆ. ಅದು ನಿಜವಾದ ದುಡಿಮೆಗಿಂತ ಕಡಿಮೆಯೇ ಇರಬಹುದು. ಆದ್ದರಿಂದ ಕೆಲಸ ಕೊಟ್ಟ ಮೇಸ್ತ್ರಿ ಬಂದು ಸಾಕ್ಷಿ ಹೇಳಿದರೆ ತುಂಬಾ ಸಹಾಯವಾಗುತ್ತದೆ.

ಎಲ್ಐಸಿ ಹಣ ಬಂದಿದೆ, ಹಾಗಾಗಿ ಪರಿಹಾರದಲ್ಲಿ ಅಷ್ಟು ಕಳೆಯುತ್ತಾರೆ ಅನ್ನುವುದು ನಿಜವಲ್ಲ. ಜೀವವಿಮೆ ಅವರೇ ಕಟ್ಟಿದ ದುಡ್ಡು, ಅದನ್ನು ಕಳೆಯುವಂತಿಲ್ಲ.

ಐದನೆಯದು: ಎಲ್ಲಿ, ಯಾರ ಮೇಲೆ

ಅಪಘಾತ ಆದ ಊರಲ್ಲೇ ಹಾಕಬೇಕು ಅಂತಿಲ್ಲ. ನೀವು ವಾಸವಿರುವ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಪುಣೆ ರಸ್ತೆಯಲ್ಲಿ ಅಪಘಾತ ಆಗಿ ಮನೆಯವರು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ ಸಾಕು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೇಸ್‌ಗಳನ್ನು ನೋಡುತ್ತದೆ.

ಪ್ರತಿವಾದಿಗಳು ವಾಹನದ ಮಾಲೀಕ ಮತ್ತು ವಿಮಾ ಕಂಪನಿ. ಸಾಮಾನ್ಯವಾಗಿ ಚಾಲಕನನ್ನೂ ಸೇರಿಸುತ್ತಾರೆ. ಕೆಎಸ್‌ಆರ್‌ಟಿಸಿಯಂಥ ಸರ್ಕಾರಿ ಬಸ್ ಆಗಿದ್ದರೆ ನಿಗಮವೇ ಕೊಡಬೇಕು. ಕೊಡದಿದ್ದಾಗ ಕೋರ್ಟ್ ಅಮೀನರು ಬಸ್ ಜಪ್ತಿ ಮಾಡುವ ಸುದ್ದಿ ನೀವೂ ಓದಿರುತ್ತೀರಿ, ಅಲ್ವಾ? ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ ಮಾಲೀಕನೇ ಹೊಣೆ.

ಗುದ್ದಿದ ವಾಹನ ಯಾವುದು ಅಂತಲೇ ಗೊತ್ತಾಗದಿದ್ದರೆ ಈ ದಾರಿ ಇಲ್ಲ. ಆದರೆ ಬೇರೆ ದಾರಿ ಇದೆ. 2022ರ ಏಪ್ರಿಲ್‌ನಿಂದ ಇಂಥ ಸಾವಿಗೆ 2 ಲಕ್ಷ ರೂಪಾಯಿ ಪರಿಹಾರ ಇದೆ. ಹಿಂದೆ ಇದು 25,000 ಮಾತ್ರ ಇತ್ತು. ಅರ್ಜಿಯನ್ನು ತಾಲ್ಲೂಕು, ಉಪವಿಭಾಗ ಮಟ್ಟದ ಕಂದಾಯ ಅಧಿಕಾರಿಗೆ ಕೊಡಬೇಕು.

ಇನ್ನೊಂದು ಕಷ್ಟದ ವಿಷಯ. ತೀರಿಕೊಂಡವರೇ ಅಜಾಗರೂಕತೆಯಿಂದ ಓಡಿಸಿ, ಬೇರೆ ವಾಹನದ ತಪ್ಪೇ ಇಲ್ಲದಿದ್ದರೆ ಅವರ ಮನೆಯವರಿಗೆ 166ನೇ ಕಲಂನಲ್ಲಿ ಪರಿಹಾರ ಬರುವುದಿಲ್ಲ. ಅರಸೀಕೆರೆ ಕಡೆ ಹೋಗುವ ರಸ್ತೆಯಲ್ಲಿ 2014ರಲ್ಲಿ ಕಾರು ಮಗುಚಿ ಆದ ಸಾವಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಹೇಳಿತ್ತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ವಾಹನ ಅವರ ಹೆಸರಿನಲ್ಲೇ ಇದ್ದರೆ ಪಾಲಿಸಿ ತೆಗೆದು ನೋಡಿ. ಮಾಲೀಕ ಚಾಲಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರಬಹುದು. ಅದನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಬಿಟ್ಟವರು ಇದ್ದಾರೆ.

ಸಹಿ ಹಾಕುವ ಮುಂಚೆ

ವಿಮಾ ಕಂಪನಿ ಬೇಗ ಮುಗಿಸೋಣ ಅಂತ ಮೊತ್ತ ಹೇಳಬಹುದು. ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಸಿಗುವ 5 ಲಕ್ಷದ ದಾರಿ 164ನೇ ಕಲಂನಲ್ಲಿದೆ. ತಪ್ಪು ತೋರಿಸುವುದು ಕಷ್ಟ ಇರುವವರಿಗೆ ಅದು ದೊಡ್ಡ ಆಸರೆ. ಆದರೆ ರಾಜಿಯಲ್ಲಿ ಅದನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಮೇಲಿನ ಲೆಕ್ಕ ನೋಡಿದಿರಲ್ಲ, 28 ಲಕ್ಷ ಬರುವ ಕಡೆ 5 ಲಕ್ಷಕ್ಕೆ ಸಹಿ ಹಾಕಿದರೆ ಮತ್ತೆ ಕೇಳಲಾಗದು. ಲೋಕ ಅದಾಲತ್ ರಾಜಿಯೂ ಹಾಗೇ, ಅದರ ಮೇಲೆ ಅಪೀಲು ಇಲ್ಲ. ರಾಜಿ ತಪ್ಪಲ್ಲ, ವರ್ಷಗಟ್ಟಲೆ ಓಡಾಟ ತಪ್ಪುತ್ತದೆ. ಮೊದಲು ಲೆಕ್ಕ ಹಾಕಿಸಿ, ಆಮೇಲೆ ಒಪ್ಪಿ.

ಖಾಲಿ ಹಾಳೆಗೆ, ಖಾಲಿ ಚೆಕ್‌ಗೆ ಯಾರು ಹೇಳಿದರೂ ಸಹಿ ಹಾಕಬೇಡಿ. ಮನೆಬಾಗಿಲಿಗೆ ಬಂದು ಕೇಸ್ ಕೇಳುವವರಿಗೆ ಕಾಗದ ಕೊಡಬೇಡಿ. ಫೀಸ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ದುಡ್ಡಿಲ್ಲ ಅಂದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಗೆ ಫೋನ್ ಮಾಡಿ ಕೇಳಬಹುದು.

ರಸ್ತೆ ಅಪಘಾತ ಅಲ್ಲದಿದ್ದರೆ

ರೈಲ್ವೆ ಪಟ್ಟಿ ಬಿಗಿಯಾಗಿದೆ. ಹೆಂಡತಿ, ಗಂಡ, ಮಕ್ಕಳಿಗೆ ಹಕ್ಕಿದೆ. ತೀರಿಕೊಂಡವರು ಮದುವೆಯಾಗದವರು ಅಥವಾ ಅಪ್ರಾಪ್ತರಾಗಿದ್ದರೆ ತಂದೆ ತಾಯಿಗೂ ಇದೆ. ಉಳಿದವರಲ್ಲಿ ಹೆತ್ತವರು, ಚಿಕ್ಕ ತಮ್ಮ, ಮದುವೆಯಾಗದ ಅಥವಾ ವಿಧವೆ ತಂಗಿ ಅವಲಂಬಿತರಾಗಿದ್ದರೆ ಮಾತ್ರ. ಸಾವಿಗೆ 8 ಲಕ್ಷ, ಗಡುವು ಒಂದು ವರ್ಷ. ಅರ್ಜಿ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಗೆ, ಅದರ ಪೀಠ ಬೆಂಗಳೂರಿನಲ್ಲಿದೆ.

ಕೆಲಸದ ಜಾಗದ ಸಾವಿಗೂ 'ಅವಲಂಬಿತರು' ಮಾತ್ರ. ವಿಧವೆ, ಅಪ್ರಾಪ್ತ ಮಗ, ಮದುವೆಯಾಗದ ಮಗಳು, ವಿಧವೆ ತಾಯಿ ಮೊದಲ ಸಾಲಿನಲ್ಲಿ. ಗಡುವು ಎರಡು ವರ್ಷ. ಲಾರಿ ಚಾಲಕ ಕೆಲಸದ ಮೇಲಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡರೆ ಈ ಕಾನೂನು ಅಥವಾ ಮೋಟಾರು ವಾಹನ ಕಾಯ್ದೆ, ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಚಾಲಕನದೇ ತಪ್ಪಿದ್ದರೆ ಈ ದಾರಿಯೇ ವಾಸಿ.

ಚಿಕಿತ್ಸೆಯ ನಿರ್ಲಕ್ಷ್ಯಕ್ಕೆ ತೀರಿಕೊಂಡವರ ವಾರಸುದಾರರು ಅಥವಾ ಕಾನೂನು ಪ್ರತಿನಿಧಿ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು.

1855ರ ಕಾಯ್ದೆಯಲ್ಲಿ ದಾವೆ ಹೆಂಡತಿ, ಗಂಡ, ಹೆತ್ತವರು ಮತ್ತು ಮಕ್ಕಳ ಒಳಿತಿಗಾಗಿ ಮಾತ್ರ. ಹೆತ್ತವರು ಅಂದರೆ ಅಜ್ಜ ಅಜ್ಜಿಯೂ ಸೇರುತ್ತಾರೆ, ಮಕ್ಕಳು ಅಂದರೆ ಮೊಮ್ಮಕ್ಕಳು, ಮಲಮಕ್ಕಳೂ ಸೇರುತ್ತಾರೆ. ಅಣ್ಣತಮ್ಮಂದಿರು ಇದರಲ್ಲಿ ಇಲ್ಲ. ಒಂದು ಸಾವಿಗೆ ಒಂದೇ ದಾವೆ. ಹಾಗಾಗಿ ಯಾರ ಪರವಾಗಿ ಅಂತ ಎಲ್ಲರ ಹೆಸರನ್ನೂ ಮೊದಲೇ ಬರೆಯಬೇಕು. ಗಡುವು ಸಾವಿನ ದಿನದಿಂದ ಎರಡು ವರ್ಷ. ಕರೆಂಟ್ ತಂತಿಯ ಸಾವುಗಳಲ್ಲಿ ವಿದ್ಯುತ್ ಕಂಪನಿಯ ನಿರ್ಲಕ್ಷ್ಯವನ್ನು ಮನೆಯವರು ಸಾಬೀತು ಮಾಡಬೇಕಿಲ್ಲ, ಅಪಾಯದ ವಸ್ತು ಸಾಗಿಸುವವರದೇ ಹೊಣೆ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ.

ಎಂವಿಸಿ ಆದೇಶ ಬಂದ ಮೇಲೆ ಮೊತ್ತ ಕಡಿಮೆ ಅನಿಸಿದರೆ 90 ದಿನದೊಳಗೆ ಹೈಕೋರ್ಟ್‌ಗೆ ಅಪೀಲು ಹೋಗಬಹುದು. ಊರು ಯಾವುದು ಅನ್ನುವುದರ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಚಿಕ್ಕ ಮಕ್ಕಳ ಪಾಲನ್ನು ಸಾಮಾನ್ಯವಾಗಿ 18 ವರ್ಷ ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಓದಿಗೆ, ಆಸ್ಪತ್ರೆಗೆ ಮಧ್ಯದಲ್ಲಿ ಬೇಕಾದರೆ ಅದೇ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ತೆಗೆಯಬಹುದು. ಠೇವಣಿ ರಸೀದಿಯ ಒಂದು ಪ್ರತಿ, ಕೇಸ್ ನಂಬರ್, ಆದೇಶದ ದೃಢೀಕೃತ ನಕಲು, ಈ ಮೂರನ್ನೂ ಮನೆಯಲ್ಲೇ ಇಟ್ಟುಕೊಳ್ಳಿ. ವಕೀಲರ ಕಚೇರಿಯಲ್ಲಿ ಬಿಟ್ಟು ಬರಬೇಡಿ.